ಕಂಪೆನಿಯ ಪ್ರಶ್ನೆಯನ್ನೇ ಬದಲಿಸಿದ ಮನ್ರೋ

ಕನ್ನಡಿಗರ ಮನೆಗಳಲ್ಲಿ ಥಾಮಸ್ ಮನ್ರೋ ಹೆಸರು ಬರುವುದು ಮಂತ್ರಾಲಯದ ಪ್ರಸ್ತಾಪ ಬಂದಾಗ. ಬೂಟು ಟೋಪಿಗಳನ್ನು ಹೊರಗೆ ಬಿಟ್ಟು ಒಳಬಂದ ಬಿಳಿಯ ಅಧಿಕಾರಿಯೊಬ್ಬ ಬೃಂದಾವನದ ಎದುರು ನಿಂತು, ಬೇರೆ ಯಾರಿಗೂ ಕಾಣದ ರಾಘವೇಂದ್ರ ಸ್ವಾಮಿಗಳೊಡನೆ ಮಾತನಾಡಿದನೆಂಬುದು ಭಕ್ತರ ನಂಬಿಕೆ. ನಂಬಿಕೆಯನ್ನು ಭಕ್ತರಿಗೇ ಬಿಡೋಣ. ಆದರೆ ಆ ಅಧಿಕಾರಿ ಅಲ್ಲಿಗೆ ಬಂದದ್ದೇಕೆ ಎಂಬುದನ್ನು ಕಥೆ ಕೇಳುವವರು ಹೆಚ್ಚಾಗಿ ಗಮನಿಸುವುದಿಲ್ಲ. ಮಠಕ್ಕಿದ್ದ ಇನಾಮು ಭೂಮಿಯನ್ನು ಮುಂದುವರಿಸಬೇಕೋ ಹಿಂದಕ್ಕೆ ಪಡೆಯಬೇಕೋ ಎಂದು ವಿಚಾರಿಸಲು ಆತ ಬಂದಿದ್ದನೆನ್ನುತ್ತದೆ ಅದೇ ಕಥೆ. ಅಂದರೆ ಆತ ಬಂದದ್ದು ಲೆಕ್ಕ ನೋಡಲು. ಅದೂ ಯಾವ ದೊರೆಯ ಪರವಾಗಿಯೂ ಅಲ್ಲ, ಲಂಡನ್ನಿನ ಒಂದು ವ್ಯಾಪಾರಿ ಕಂಪೆನಿಯ ಪರವಾಗಿ.

ಇದು ನೆನಪಿನಲ್ಲಿಡಬೇಕಾದ ಸಂಗತಿ. 1800ರಲ್ಲಿ ಬಳ್ಳಾರಿ ಸೀಮೆಯನ್ನು ವಶಕ್ಕೆ ತೆಗೆದುಕೊಂಡದ್ದು ಇಂಗ್ಲೆಂಡಿನ ರಾಜನಲ್ಲ. ಷೇರುದಾರರು, ವಾರ್ಷಿಕ ಲಾಭಾಂಶ, ಇಪ್ಪತ್ನಾಲ್ಕು ಮಂದಿ ನಿರ್ದೇಶಕರ ಮಂಡಳಿ, ಸಾಲದ ಹೊರೆ ಎಲ್ಲವೂ ಇದ್ದ ಈಸ್ಟ್ ಇಂಡಿಯಾ ಕಂಪೆನಿ. ಆಡಳಿತ ಮಂಡಳಿಗಳ ಸಮಸ್ಯೆ ಬಿಡಿಸಲು ಹೊಸ ಬಗೆಯಲ್ಲಿ ಯೋಚಿಸುವುದನ್ನು ಹೇಳಿಕೊಡುವ ಕಾರ್ಯಾಗಾರಗಳು ನಮ್ಮ ನಗರಗಳ ಹೋಟೆಲುಗಳಲ್ಲಿ ನಡೆಯುತ್ತಿರುತ್ತವೆ. ಅವುಗಳಲ್ಲಿ ಅಮೆರಿಕದ, ಜಪಾನಿನ ಉದಾಹರಣೆಗಳು ಬರುತ್ತವೆ. ಬಳ್ಳಾರಿಯ ಎರೆಹೊಲದಲ್ಲಿ ನಡೆದ ಉದಾಹರಣೆ ಬಂದದ್ದನ್ನು ನಾನು ಕೇಳಿಲ್ಲ. ಅದು ಬರಬೇಕು, ಅದರ ಯಶಸ್ಸಿಗಾಗಿ ಎಷ್ಟೋ ಅಷ್ಟೇ, ಅದರ ಪರಿಣಾಮಕ್ಕಾಗಿಯೂ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಮೆರಿಕದ ವರ್ಜೀನಿಯಾದೊಡನೆ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ಅನುಕೂಲಸ್ಥ. ಮಗನೂ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿ, ಒಂದು ವರ್ತಕ ಸಂಸ್ಥೆಯ ಲೆಕ್ಕದ ಕೋಣೆಯನ್ನು ಸೇರಿದ. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಗಿ ತಂಬಾಕಿನ ವ್ಯಾಪಾರ ಮುಗ್ಗರಿಸಿತು, ಮನೆತನ ದಿವಾಳಿಯ ಅಂಚಿಗೆ ಬಂತು. ದೂರದೇಶದ ಬೆಳೆಗಾರರ ಮೇಲೆ ನಿಂತ ವ್ಯಾಪಾರ ಒಂದೇ ಏಟಿಗೆ ಹೇಗೆ ಕುಸಿಯುತ್ತದೆಂಬುದನ್ನು ಆತ ಹದಿಹರೆಯದಲ್ಲೇ ತನ್ನ ಮನೆಯಲ್ಲಿ ಕಂಡ. ಮುಂದೆ ರೈತನ ಬೆನ್ನು ಮುರಿಯುವಷ್ಟು ಕಂದಾಯ ಹೇರಬಾರದೆಂದು ಆತ ಪಟ್ಟುಹಿಡಿದದ್ದರಲ್ಲಿ ಈ ಅನುಭವದ ಪಾಲೂ ಇದ್ದಿರಬಹುದೆಂದು ನನಗೆ ತೋರುತ್ತದೆ.

1780ರ ಜನವರಿಯಲ್ಲಿ ಆತ ಕಾಲಾಳು ದಳದ ಕೆಡೆಟ್ ಆಗಿ ಮದ್ರಾಸಿನಲ್ಲಿ ಇಳಿದ. ಬಂದ ವರ್ಷವೇ ಹೈದರಾಲಿಯ ಮೇಲಿನ ಯುದ್ಧ. ಹನ್ನೆರಡು ವರ್ಷ ಸೈನಿಕನ ಬದುಕು, ತೆಳ್ಳನೆಯ ಸಂಬಳ, ಮನೆಗೆ ಕಳುಹಿಸಬೇಕಾದ ಹಣ. ಬಿಡುವಿನಲ್ಲಿ ಹಿಂದುಸ್ತಾನಿ, ಪಾರಸಿ ಕಲಿತ. ಪಾರಸಿ ಹಸ್ತಪ್ರತಿಯೊಂದರಿಂದ ಆತ ಅನುವಾದಿಸಿದ ಕಥೆಯೊಂದು ಷೇಕ್ಸ್‌ಪಿಯರನ ಶೈಲಾಕನ ಪ್ರಸಂಗವನ್ನು ಹೋಲುತ್ತಿದ್ದುದರಿಂದ, ಎಡ್ಮಂಡ್ ಮೆಲೋನ್ ಎಂಬ ವಿದ್ವಾಂಸ ಅದನ್ನು ತನ್ನ ಷೇಕ್ಸ್‌ಪಿಯರ್ ಸಂಪುಟದಲ್ಲಿ ಅಚ್ಚುಹಾಕಿಸಿದ. ಸಾಲ ಕೊಟ್ಟವನು ಸಾಲಗಾರನ ಮಾಂಸ ಕೇಳುವ ಕಥೆಯೇ ಮುಂದಿನ ಕಂದಾಯ ಅಧಿಕಾರಿಯ ಕಣ್ಣಿಗೆ ಬಿದ್ದದ್ದು ಕಾಕತಾಳೀಯವೇ ಇರಬೇಕು.

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್, ಅಂದರೆ ಸೇಲಂ ಕಡೆಯ ಸೀಮೆ ಕಂಪೆನಿಗೆ ಬಂತು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬಾತನ ಸಹಾಯಕನಾಗಿ ಮನ್ರೋ ಏಳು ವರ್ಷ ಅಲ್ಲಿ ಹೊಲ ತಿರುಗಿದ. ಶ್ರೀರಂಗಪಟ್ಟಣದ ಪತನಾನಂತರ 1799ರಲ್ಲಿ ಕೆನರಾಕ್ಕೆ ಕಳುಹಿಸಿದರು. ಕರಾವಳಿಯ ಮಳೆ ಆತನಿಗೆ ಒಗ್ಗಲಿಲ್ಲ. ಬೇಗ ಬಿಡುಗಡೆ ಮಾಡಿರೆಂದು ಮೊರೆಯಿಡುತ್ತಲೇ ಇದ್ದ. ಆದರೆ ಅಲ್ಲಿನ ಶಾನುಭೋಗರು ಬಿಚ್ಚಿಟ್ಟ ಹಳೆಯ ಕಡತಗಳು ಆತನ ಕಣ್ಣು ತೆರೆಸಿದವು. ವಿಜಯನಗರದ ಕಾಲದಿಂದ ಇಳಿದುಬಂದ ನಿಗದಿತ ತೆರಿಗೆ, ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿದ್ದ ಹೊಲ, ಕೊಳ್ಳುವ ಮಾರುವ ಹಕ್ಕು ಎಲ್ಲವೂ ಅಲ್ಲಿ ಬರಹದಲ್ಲಿದ್ದವು. ಭಾರತದಲ್ಲಿ ನೆಲವೆಲ್ಲ ದೊರೆಯದು, ಉಳುವವನದು ಏನೂ ಇಲ್ಲ ಎಂದು ನಂಬಿದ್ದ ಕಂಪೆನಿಯ ಅಧಿಕಾರಿಗಳಿಗೆ ಇದು ಹೊಸ ಸುದ್ದಿ.

1800ರ ಅಕ್ಟೋಬರ್ 12ರ ಒಪ್ಪಂದದಂತೆ ಹೈದರಾಬಾದಿನ ನಿಜಾಮ, ಕಂಪೆನಿಯ ಸೈನ್ಯದ ಖರ್ಚಿಗೆ ಬದಲಾಗಿ, ತನ್ನ ಪಾಲಿಗೆ ಬಂದಿದ್ದ ಟಿಪ್ಪುವಿನ ಸೀಮೆಗಳನ್ನು ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲಭಾಗ ಸೇರಿದ ಈ ನಾಡಿಗೆ ದತ್ತ ಮಂಡಲವೆಂಬ ಹೆಸರಾಯಿತು. ನಾಲ್ವರು ಸಹಾಯಕ ಕಲೆಕ್ಟರರೊಡನೆ ಪ್ರಧಾನ ಕಲೆಕ್ಟರಾಗಿ ಮನ್ರೋ ಬಂದ. ಎಂಬತ್ತು ಮಂದಿ ಪಾಳೆಯಗಾರರು, ಅವರ ಕೈಕೆಳಗೆ ಸುಮಾರು ಮೂವತ್ತು ಸಾವಿರ ಆಯುಧಪಾಣಿಗಳು. ನಿಜಾಮನ ಅಮಲ್ದಾರರು ದೋಚಿ ಬಿಟ್ಟ ಹಳ್ಳಿಗಳು. ಮನ್ರೋ ಸೈನ್ಯದ ನೆರವಿನಿಂದ ಪಾಳೆಯಗಾರರನ್ನು ಮುರಿದ. ಕೆಲವರನ್ನು ಓಡಿಸಿದ, ಕೆಲವರಿಗೆ ಪಿಂಚಣಿ ಕಟ್ಟಿದ. ಆತ ಹೂಡಿದ ಉಪಾಯಗಳು ನೇರವಾದವಲ್ಲವೆಂದು ಲಂಡನ್ನಿನ ನಿರ್ದೇಶಕರೇ ಅಸಮಾಧಾನ ಸೂಚಿಸಿದರು. ಆತನನ್ನು ಸಂತನಂತೆ ಚಿತ್ರಿಸುವವರು ಈ ಅಧ್ಯಾಯವನ್ನು ಬೇಗ ಮಗುಚಿಹಾಕುತ್ತಾರೆ.

ನಿರ್ದೇಶಕರ ಮುಂದಿದ್ದ ನಿಜವಾದ ಪ್ರಶ್ನೆ ಬೇರೆ. ಯುದ್ಧಗಳಿಂದ ಸಾಲ ಬೆಳೆದಿತ್ತು, ಭೂಕಂದಾಯವೇ ದೊಡ್ಡ ವರಮಾನ. ಬಂಗಾಳದಲ್ಲಿ 1793ರಲ್ಲಿ ಕಾರ್ನ್‌ವಾಲಿಸ್ ಜಮೀನ್ದಾರರೊಡನೆ ಶಾಶ್ವತ ಒಪ್ಪಂದ ಮಾಡಿಕೊಂಡಿದ್ದ: ಕಂಪೆನಿಗೆ ಇಷ್ಟು ಕೊಡು, ರೈತನಿಂದ ಎಷ್ಟು ತೆಗೆದುಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು. ಕಚೇರಿಯಲ್ಲಿ ಕುಳಿತವನಿಗೆ ಇದಕ್ಕಿಂತ ಸುಲಭವಾದ ಏರ್ಪಾಟಿಲ್ಲ. ಮದ್ರಾಸಿನಲ್ಲೂ ಅದನ್ನೇ ತರಬೇಕೆಂಬ ಒತ್ತಡವಿತ್ತು. ಜಮೀನ್ದಾರರು ಇಲ್ಲದ ಕಡೆ ಹಳ್ಳಿಗಳ ಗುಂಪು ಕಟ್ಟಿ ಹರಾಜು ಹಾಕಿ ಹೊಸ ಜಮೀನ್ದಾರರನ್ನು ಸೃಷ್ಟಿಸುವ ಕೆಲಸವೂ ನಡೆದಿತ್ತು. ಹೀಗಾಗಿ ಮಂಡಳಿಯ ಪ್ರಶ್ನೆಯೆಲ್ಲ ಮಧ್ಯವರ್ತಿಯಾಗಿ ಯಾರನ್ನು ಇಡಬೇಕು ಎಂಬುದರ ಸುತ್ತಲೇ ಇತ್ತು.

ಮಧ್ಯವರ್ತಿ ಏಕೆ ಬೇಕು ಎಂದು ಕೇಳಿದ ಮನ್ರೋ. ಕಂಪೆನಿಗೆ ಸಲ್ಲುವ ಹಣವನ್ನು ಕೊಡುವವನು ಕೊನೆಗೂ ರೈತನೇ. ಅವನ ಹೆಸರು, ಹೊಲ, ಬೆಳೆ ಎಲ್ಲ ಊರ ಶಾನುಭೋಗನಿಗೆ ಗೊತ್ತು. ಹಾಗಿದ್ದ ಮೇಲೆ ನಡುವೆ ಒಬ್ಬ ದೊಡ್ಡ ಮನುಷ್ಯನನ್ನು ಸಾಕುವುದು ಕಂಪೆನಿಗೂ ನಷ್ಟ, ರೈತನಿಗೂ ನಷ್ಟ ಎಂಬುದು ಆತನ ತರ್ಕ. ಈ ವಿಚಾರ ಪೂರ್ತಿ ಆತನದಲ್ಲ. ರೀಡ್ ಆಗಲೇ ಆ ದಿಕ್ಕಿನಲ್ಲಿ ನಡೆದಿದ್ದ. ಹಳ್ಳಿಯ ಲೆಕ್ಕದ ಪದ್ಧತಿಯಂತೂ ಈ ನಾಡಿನದೇ. ಇರುವುದನ್ನು ನೋಡಿ, ಅದನ್ನು ಲಂಡನ್ನಿಗೆ ಅರ್ಥವಾಗುವ ಲಾಭ ನಷ್ಟದ ಭಾಷೆಗೆ ತಿರುಗಿಸಿದ್ದು ಮನ್ರೋನ ಜಾಣ್ಮೆ.

ಮುಂದಿನದು ಕಷ್ಟದ ಕೆಲಸ. ಎರಡು ಲಕ್ಷಕ್ಕೂ ಮಿಕ್ಕ ರೈತರೊಡನೆ ಒಬ್ಬೊಬ್ಬರಾಗಿ ಒಪ್ಪಂದ ಮಾಡಿಕೊಳ್ಳಬೇಕಾದರೆ ಒಂದೊಂದು ಹೊಲವನ್ನೂ ಅಳೆಯಬೇಕು. 1802ರ ಜೂನಿನಲ್ಲಿ ಮೋಜಣಿ ಆರಂಭಿಸಿದಾಗ ಅಳತೆ ಬಲ್ಲ ಗುಮಾಸ್ತರು ಆತನಿಗೆ ಸಿಕ್ಕಿದ್ದು ನಾಲ್ಕು ಜನ. ಅವರಿಂದಲೇ ಉಳಿದವರಿಗೆ ಕೆಲಸ ಕಲಿಸಿ ತಂಡಗಳನ್ನು ಕಟ್ಟಿದ. ಮೊದಲು ತಿಂಗಳ ಸಂಬಳ. ಕೆಲಸ ಸಾಗದೆಂದು ಕಂಡಮೇಲೆ ಎಕರೆಗೆ ಇಷ್ಟೆಂದು ಕೂಲಿ. ಬೇಗ ಅಳೆದವನಿಗೆ ಹೆಚ್ಚು ಹಣವೆಂದರೆ ಸುಳ್ಳು ಅಳತೆಯೂ ಬರುತ್ತದೆಂದು ಆತನಿಗೆ ತಿಳಿದಿತ್ತು. ಆದ್ದರಿಂದ ಅಳೆದ ಹೊಲಗಳನ್ನು ಮತ್ತೆ ಅಳೆದುನೋಡುವ ಪರೀಕ್ಷಕರ ತಂಡ ಬೇರೆ. ಎಲ್ಲರಿಗೂ ಒಂದೇ ಸರಪಳಿ, ಮೂವತ್ತಮೂರು ಅಡಿ ಉದ್ದದ್ದು. ಆ ಸರಪಳಿಯ ಚೌಕ ನಲವತ್ತು ಸೇರಿದರೆ ಒಂದು ಎಕರೆ. ಗುಂಟೆಯೆಂದು ಕರ್ನಾಟಕದ ಬಹುಭಾಗ ಇಂದಿಗೂ ಎಣಿಸುವುದು ಇದೇ ಅಳತೆಯನ್ನು. ಬಳ್ಳಾರಿ ಸೀಮೆ ಮಾತ್ರ ಮದ್ರಾಸಿಗೆ ಸೇರಿದ್ದುದರಿಂದ ಮುಂದೆ ಸೆಂಟ್ಸ್ ಲೆಕ್ಕಕ್ಕೆ ಹೋಯಿತು.

ಅಳತೆಯ ಹಿಂದೆಯೇ ನೆಲದ ದರ್ಜೆ ನಿರ್ಧರಿಸುವವರು ಬಂದರು. ಖುಷ್ಕಿ, ತರಿ, ಬಾಗಾಯಿತು ಎಂಬ ಮೂರು ಬಗೆ, ಒಂದೊಂದರಲ್ಲಿ ಹಲವು ದರ್ಜೆ. ಈ ಸೀಮೆಯಲ್ಲಿ ತಿರುಗಾಡಿದವರಿಗೆ ಅದರ ತೊಡಕು ಗೊತ್ತಾಗುತ್ತದೆ. ಸಿರುಗುಪ್ಪದ ಕಡೆ ವಿಜಯನಗರದ ಅರಸರ ಕಾಲದ ತುಂಗಭದ್ರೆಯ ಕಾಲುವೆ; ನೀರು ಹರಿದಲ್ಲಿ ಭತ್ತ. ಬಳ್ಳಾರಿಯ ಸುತ್ತ ಜೋಳ, ಹತ್ತಿ ಬೆಳೆಯುವ ಎರೆ. ಮಳೆ ಬಂದರೆ ಚಿನ್ನ, ಬಾರದಿದ್ದರೆ ಬಿರುಕು. ಕುರುಗೋಡಿನಲ್ಲಿ, ಸಿಂದರ ಹಳೆಯ ರಾಜಧಾನಿಯ ಬಂಡೆಗುಡ್ಡಗಳ ಬುಡದಲ್ಲಿ, ನಾಲ್ಕು ಹೆಜ್ಜೆಗೆ ನೆಲದ ಬಣ್ಣ ಬದಲಾಗುತ್ತದೆ. ಒಂದೇ ದರದಿಂದ ಇವನ್ನೆಲ್ಲ ಅಳೆಯುವುದು ಅನ್ಯಾಯವೆಂದು ಕಂಡುಕೊಳ್ಳಲು ದೊಡ್ಡ ಬುದ್ಧಿ ಬೇಡ. ಅದನ್ನು ಹೊಲಹೊಲಕ್ಕೂ ಕಾಗದದ ಮೇಲೆ ಇಳಿಸಲು ಐದು ವರ್ಷ ಡೇರೆಯಲ್ಲಿ ಬದುಕುವ ತಾಳ್ಮೆ ಬೇಕು. ಮನ್ರೋ ಹಾಗೆ ಬದುಕಿದ. ಕಾವಲು ಪಡೆಯಿಲ್ಲದೆ ತಿರುಗುತ್ತಿದ್ದ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಡೇರೆಯ ಸುತ್ತ ರೈತರ ದೂರುಗಳ ಸಂತೆ.

ಇಷ್ಟರಲ್ಲಿ ಒಂದು ದೋಷ ಅಡಗಿತ್ತು. ದರ ನಿಶ್ಚಯವಾದದ್ದು ಕೆಳಗಿನಿಂದ ಮೇಲಕ್ಕಲ್ಲ. ಹಿಂದಿನ ವಸೂಲಿಯನ್ನು ನೋಡಿಕೊಂಡು ಇಡೀ ಸೀಮೆಯಿಂದ ಇಷ್ಟು ಬರಬೇಕೆಂದು ಕಲೆಕ್ಟರ್ ಮೊದಲು ಅಂದಾಜು ಕಟ್ಟುತ್ತಿದ್ದ. ಅದು ಹಳ್ಳಿಗಳಿಗೆ, ಆಮೇಲೆ ಹೊಲಗಳಿಗೆ ಹಂಚಿಕೆಯಾಗುತ್ತಿತ್ತು. ಹಂಚಿದ್ದು ನ್ಯಾಯವಾಗಿಯೇ ಇರಬಹುದು, ಹಂಚಿದ ಮೊತ್ತ ಮಾತ್ರ ಭಾರಿಯಾಗಿತ್ತು. ಬೆಳೆಯ ಅರ್ಧಕ್ಕೆ ಹತ್ತಿರ ಕಂಪೆನಿಯ ಪಾಲು. ಒಬ್ಬ ರೈತ ಕೊಡಲಾಗದೆ ಹೋದರೆ ನೆರೆಯವರು ಶೇಕಡಾ ಹತ್ತರವರೆಗೆ ತುಂಬಿಕೊಡಬೇಕು. ಉಳಲು ಮನಸ್ಸಿಲ್ಲದ ಹೊಲವನ್ನೂ ಒತ್ತಾಯದಿಂದ ಉಳಿಸಲಾಗುತ್ತಿತ್ತು. ಏಳು ವರ್ಷಗಳಲ್ಲಿ ದತ್ತ ಮಂಡಲದ ಭೂಕಂದಾಯ ಸುಮಾರು ನಾಲ್ಕು ಲಕ್ಷ ಪೌಂಡುಗಳಿಂದ ಆರು ಲಕ್ಷ ಪೌಂಡುಗಳಿಗೇರಿತು. ನಿರ್ದೇಶಕರ ದೃಷ್ಟಿಯಿಂದ ಸಮಸ್ಯೆ ಬಗೆಹರಿದಿತ್ತು.

ಮನ್ರೋನ ದೃಷ್ಟಿಯಲ್ಲಿ ಬಗೆಹರಿದಿರಲಿಲ್ಲ ಎಂಬುದೇ ಆತನ ಬದುಕಿನಲ್ಲಿ ನನಗೆ ಮುಖ್ಯವೆನಿಸುವ ಸಂಗತಿ. 1807ರ ಆಗಸ್ಟಿನಲ್ಲಿ, ಹೊರಡುವ ಮುನ್ನ, ತಾನೇ ಕಟ್ಟಿದ ದರ ಹೆಚ್ಚಾಯಿತೆಂದು ಬರೆದು ಆತ ಮದ್ರಾಸಿಗೆ ಸಲಹೆ ಕಳುಹಿಸಿದ. ಖುಷ್ಕಿ, ತರಿ ಭೂಮಿಗಳಿಗೆ ಶೇಕಡಾ 25, ಬಾವಿ ನೀರಿನ ತೋಟಗಳಿಗೆ ಇನ್ನೂ ಶೇಕಡಾ 8 ಸೇರಿಸಿ ಶೇಕಡಾ 33 ಕಡಿಮೆ ಮಾಡಬೇಕು. ರೈತ ತನಗೆ ಬೇಕಾದಷ್ಟು ಹೊಲ ಇಟ್ಟುಕೊಳ್ಳಲು, ಬೇಡವಾದದ್ದನ್ನು ಬಿಡಲು ಸ್ವತಂತ್ರನಾಗಿರಬೇಕು. ಬಾವಿ ತೋಡಿದವನು ಅವನು, ಆ ಶ್ರಮಕ್ಕೆ ತೆರಿಗೆ ಹಾಕಿದರೆ ಇನ್ನೊಂದು ಬಾವಿ ಯಾರೂ ತೋಡುವುದಿಲ್ಲ. ಇಂದು ಕಳೆದುಕೊಂಡ ಕಾಲು ಭಾಗ, ರೈತನ ಕೈಯಲ್ಲಿ ಬಂಡವಾಳವಾಗಿ ನಾಳೆ ಹೆಚ್ಚು ಸಾಗುವಳಿ ತರುತ್ತದೆಂಬುದು ಆತ ಮಂಡಳಿಗೆ ಕೊಟ್ಟ ಲೆಕ್ಕ.

ಮಂಡಳಿ ಒಪ್ಪಲಿಲ್ಲ. ವರಮಾನ ಬರುತ್ತಿರುವಾಗ ಕಾಲು ಭಾಗ ಬಿಟ್ಟುಕೊಡಿ ಎಂದರೆ ಯಾವ ಮಂಡಳಿ ಒಪ್ಪೀತು? ಮನ್ರೋ ಅಕ್ಟೋಬರಿನಲ್ಲಿ ಬ್ರಿಟನ್ನಿಗೆ ಹಡಗು ಹತ್ತಿದ. 1808ರಲ್ಲಿ ದತ್ತ ಮಂಡಲ ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಯಾಯಿತು, ಹಳ್ಳಿಗಳನ್ನು ಇಡಿಯಾಗಿ ಇಜಾರೆಗೆ ಕೊಡುವ ಪದ್ಧತಿ ಬಂತು. ಮೊದಲು ಮೂರು ವರ್ಷದ ಇಜಾರೆ, ನಂತರ ಹತ್ತು ವರ್ಷದ್ದು. ದರ ಮನ್ರೋ ಕಟ್ಟಿದ ಹಳೆಯದೇ, ನಡುವೆ ಮಾತ್ರ ಇಜಾರೆದಾರ. ಬರಗಾಲ ಬಂದಾಗ ಇಜಾರೆದಾರರು ಮುಳುಗಿದರು, ಅವರೊಡನೆ ಹಳ್ಳಿಗಳೂ ಮುಳುಗಿದವು.

ಬ್ರಿಟನ್ನಿನಲ್ಲಿದ್ದಾಗ ಆತನಿಗೆ ಇನ್ನೊಂದು ಪ್ರಶ್ನೆ ಎದುರಾಯಿತು. 1813ರಲ್ಲಿ ಕಂಪೆನಿಯ ಸನ್ನದು ಮುಗಿಯುತ್ತ ಬಂದಿತ್ತು. ಭಾರತದ ವ್ಯಾಪಾರವನ್ನು ಎಲ್ಲರಿಗೂ ತೆರೆದರೆ ಇಂಗ್ಲೆಂಡಿನ ಸರಕು ಅಲ್ಲಿ ಮಾರಾಟವಾದೀತೇ ಎಂದು ಕಾಮನ್ಸ್ ಸಭೆ ಸಾಕ್ಷಿಗಳನ್ನು ಕರೆಯಿತು. ಅಷ್ಟೇನೂ ಮಾರಾಟವಾಗದೆಂದು ಮನ್ರೋ ನುಡಿದ. ಭಾರತೀಯರು ಮಿತವ್ಯಯಿಗಳು, ಅವರ ನೇಯ್ಗೆ ಅಗ್ಗವೂ ಹೌದು, ಉತ್ತಮವೂ ಹೌದು; ಒಂದೇ ಶಾಲನ್ನು ಏಳು ವರ್ಷ ಬಳಸಿದ ತನ್ನ ಅನುಭವವನ್ನೂ ಸಾಕ್ಷ್ಯವಾಗಿ ಇಟ್ಟ. ಬಾರಾಮಹಲಿನಲ್ಲಿ ಕಂಪೆನಿಯ ನೌಕರರು ನೇಕಾರರನ್ನು ಕೂಡಿಹಾಕಿ, ಕಾವಲಿಟ್ಟು, ತಮಗಲ್ಲದೆ ಬೇರೆಯವರಿಗೆ ನೇಯುವುದಿಲ್ಲವೆಂದು ಕರಾರು ಬರೆಸಿಕೊಳ್ಳುತ್ತಿದ್ದುದನ್ನೂ ಮುಚ್ಚಿಡದೆ ಹೇಳಿದ. ನಾಗರಿಕತೆಯ ವಿಷಯದಲ್ಲಿ ಭಾರತದಿಂದ ಇಂಗ್ಲೆಂಡೇ ಪಡೆಯಬೇಕಾದದ್ದಿದೆ ಎಂಬರ್ಥದ ಆತನ ಮಾತನ್ನು ನಮ್ಮವರು ಹೆಮ್ಮೆಯಿಂದ ನೆನೆಯುವುದುಂಟು.

ಆದರೆ ಮುಖ್ಯ ಪ್ರಶ್ನೆಗೆ ಆತ ಕೊಟ್ಟ ಉತ್ತರ ತಪ್ಪಾಗಿತ್ತು. ಆತ ಬಟ್ಟೆಯನ್ನು ನೋಡಿದ್ದ, ಮಗ್ಗವನ್ನು ನೋಡಿದ್ದ. ತನ್ನದೇ ದೇಶದಲ್ಲಿ ಬೆಳೆಯುತ್ತಿದ್ದ ಯಂತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚೀನಾ ಮತ್ತು ಚಹದ ವ್ಯಾಪಾರವೊಂದನ್ನುಳಿದು ಕಂಪೆನಿಯ ಏಕಸ್ವಾಮ್ಯ ಅದೇ ವರ್ಷ ಮುರಿಯಿತು. ಹತ್ತು ವರ್ಷಗಳ ನಂತರದ ಸಾಕ್ಷಿ ಬಂದದ್ದು ಬಳ್ಳಾರಿಯಿಂದಲೇ. ಮದ್ರಾಸಿನ ಗವರ್ನರಾಗಿದ್ದ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಎಣಿಕೆಗೆ ಆಜ್ಞೆ ಮಾಡಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. 9,27,857 ಜನರಿದ್ದ ಜಿಲ್ಲೆಯಲ್ಲಿ ಶಾಲೆಗಳು 533, ಓದುವವರು 6,641. ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಮಕ್ಕಳು ಶಾಲೆಗೆ ಬಾರದಿರಲು ಬಡತನ ಕಾರಣ; ಆ ಬಡತನಕ್ಕೆ ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರು ನೆಲಕಚ್ಚಿದ್ದು, ನಾಡಿನ ಬಂಡವಾಳ ಹೊರದೇಶಕ್ಕೆ ಹರಿದುಹೋಗುತ್ತಿದ್ದುದು ಕಾರಣ ಎಂದು ಆತ ಸ್ಪಷ್ಟವಾಗಿ ತಿಳಿಸಿದ್ದ. ಆ ವರದಿ ತಲುಪಿದ್ದು ಹತ್ತು ವರ್ಷ ಹಿಂದೆ ಅದಕ್ಕೆ ವಿರುದ್ಧವಾಗಿ ಸಾಕ್ಷ್ಯ ನುಡಿದವನ ಸರ್ಕಾರಕ್ಕೆ. ಮೇಲಧಿಕಾರಿಗೆ ಇಷ್ಟು ನೇರವಾಗಿ ಬರೆಯಬಹುದಾದ ವಾತಾವರಣ ಇತ್ತೆಂಬುದನ್ನೂ ಗಮನಿಸಬೇಕು.

ಮಧ್ಯದ ವರ್ಷಗಳನ್ನು ಚುಟುಕಾಗಿ ಹೇಳಬಹುದು. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್‌ಳನ್ನು ಮದುವೆಯಾಗಿ, ನ್ಯಾಯಾಂಗ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮರಳಿ ಬಂದ. 1817-18ರ ಮರಾಠಾ ಯುದ್ಧದಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ. 1820ರಲ್ಲಿ ಗವರ್ನರಾದ ಮೇಲೆ, ಹದಿಮೂರು ವರ್ಷ ಹಿಂದೆ ತಾನು ಕಲೆಕ್ಟರಾಗಿ ಬರೆದಿದ್ದ ಸಲಹೆಯನ್ನು ತಾನೇ ಜಾರಿಗೆ ತಂದ. ರೈತವಾರಿ ಪದ್ಧತಿ ಮರಳಿತು, ಶೇಕಡಾ 25 ಮತ್ತು 33ರ ರಿಯಾಯಿತಿ ದತ್ತ ಮಂಡಲಕ್ಕೆ ದೊರೆಯಿತು. ಸಣ್ಣ ಸಂಬಳದ ಕೆಲಸಗಳಲ್ಲೇ ಭಾರತೀಯರನ್ನು ಇಟ್ಟು ಅವರ ಶೀಲ ಕೆಟ್ಟಿತೆಂದು ದೂರುವುದು ಸರಿಯಲ್ಲ, ಉನ್ನತ ಹುದ್ದೆಗಳನ್ನು ಕೊಡಬೇಕು ಎಂದು 1824ರ ಕೊನೆಯಲ್ಲಿ ಬರೆದ ದೀರ್ಘ ಟಿಪ್ಪಣಿಯೂ ಆತನದೇ. ಅದನ್ನು ಓದಿದವರು ಬಹಳ, ಪಾಲಿಸಿದವರು ಕಡಿಮೆ.

ರಿಯಾಯಿತಿ ಸಿಕ್ಕಿದ್ದು ದತ್ತ ಮಂಡಲದ ರೈತನಿಗೆ. ಉಳಿದ ಜಿಲ್ಲೆಗಳಿಗೆ ರೈತವಾರಿ ಹೋಯಿತು. ಅಳತೆಯ ತಾಳ್ಮೆ, ದರದ ಇಳಿಕೆ ಜೊತೆಗೆ ಹೋಗಲಿಲ್ಲ. ಮಧ್ಯವರ್ತಿಯನ್ನು ತೆಗೆದ ಜಾಗದಲ್ಲಿ ಕಚೇರಿಯ ಕೆಳದರ್ಜೆಯ ನೌಕರ ಬಂದು ಕುಳಿತ. ಕಿಸ್ತು ಕಟ್ಟದ ರೈತನನ್ನು ಬಿಸಿಲಲ್ಲಿ ನಿಲ್ಲಿಸುವುದು, ಬಗ್ಗಿಸಿ ಕಟ್ಟಿಹಾಕುವುದು ನಡೆಯುತ್ತಿತ್ತೆಂದು 1855ರಲ್ಲಿ ಮದ್ರಾಸಿನ ಚಿತ್ರಹಿಂಸಾ ವಿಚಾರಣಾ ಆಯೋಗವೇ ದಾಖಲಿಸಿತು. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ರೈತನ ಕೈಯಲ್ಲಿ ಉಳಿಯುತ್ತದೆಂದು ಮನ್ರೋ ಎಣಿಸಿದ್ದ ಬಂಡವಾಳ ಆ ಹೊತ್ತಿಗೆ ಉಳಿದಿರಲಿಲ್ಲ.

ನಿವೃತ್ತಿಯ ಅಪ್ಪಣೆ ಸಿಗುವುದು ತಡವಾಗಿ, 1827ರ ಬೇಸಿಗೆಯಲ್ಲಿ ಮನ್ರೋ ತನ್ನ ಹಳೆಯ ಸೀಮೆಯನ್ನು ಕೊನೆಯದಾಗಿ ನೋಡಿಬರಲು ಹೊರಟ. ಪರಿವಾರದಲ್ಲಿ ಕಾಲರಾ ಕಾಣಿಸಿತು. ಜುಲೈ 6ರಂದು ಪತ್ತಿಕೊಂಡದ ಬಿಡಾರದಲ್ಲಿ ಬೆಳಿಗ್ಗೆ ಅಸ್ವಸ್ಥನಾದವನು ರಾತ್ರಿಯಾಗುವಷ್ಟರಲ್ಲಿ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿ, 1831ರಲ್ಲಿ ಅವಶೇಷಗಳನ್ನು ಮದ್ರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಅಲ್ಲಿ ನಗರದ ನಡುವೆ ಕುದುರೆಯ ಮೇಲಿನ ಆತನ ಪ್ರತಿಮೆ 1839ರಲ್ಲಿ ನಿಂತಿತು. ಪತ್ತಿಕೊಂಡದಲ್ಲಿ ಒಂದು ತೋಪು, ಒಂದು ಬಾವಿ, ಗುತ್ತಿಯಲ್ಲಿ ದಾರಿಹೋಕರಿಗೆ ಒಂದು ಛತ್ರ ಆದವು. ಬಹಳ ಕಾಲ ಆ ಕಡೆಯ ಹಳ್ಳಿಗಳಲ್ಲಿ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು.